ಸೇತುವೆಯ ಹನ್ನೆರಡು ನಿಮಿಷ

ನಾನು ಅವರನ್ನು ಮೊದಲ ಸಲ ಕಂಡದ್ದು ಬಸ್ ನಿಲ್ದಾಣದ ಕಂಟ್ರೋಲರ್ ಕೊಠಡಿಯ ಕಿಟಕಿಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಎರಡು ಐವತ್ತೈದಕ್ಕೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದು ನನ್ನ ಹೆಚ್ಚುಗಾರಿಕೆಯಿಂದೇನಲ್ಲ. ಸರಳುಗಳ ಈಚೆ ನಿಂತು ನಾನು ನಮಸ್ಕಾರ ಎಂದಾಗ ಅವರು ಮೊದಲು ಗೋಡೆಯ ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡಿ, "ಎರಡು ಐವತ್ತೈದು. ಯಾವ ಕಡೆ ಬಸ್ಸಮ್ಮಾ?" ಎಂದಿದ್ದರು.

ಕೊಠಡಿಯಲ್ಲಿ ಎತ್ತರದ ಒಂದು ಮೇಜು, ಬಣ್ಣದ ಸಿಪ್ಪೆ ಎದ್ದ ಕಬ್ಬಿಣದ ಬೀರು, ಕರವಸ್ತ್ರ ಸುತ್ತಿದ ಮೈಕು, ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟ ಸ್ಟೂಲು ಇದ್ದವು. ಕಂಡಕ್ಟರುಗಳು ಸರಳಿನ ಕೆಳಗಿನಿಂದ ಲಾಗ್‌ಶೀಟು ತಳ್ಳುತ್ತಿದ್ದರು. ಇವರು ಬಸ್ಸು ಬಂದ ಹೊತ್ತು, ಹೊರಡುವ ಹೊತ್ತು ಬರೆದು ಸಹಿ ಹಾಕಿ ವಾಪಸು ತಳ್ಳುತ್ತಿದ್ದರು. ಶರ್ಟಿನ ಬಲತೋಳಿನ ಅಂಚು ಮೇಜಿಗೆ ಉಜ್ಜಿ ಉಜ್ಜಿ ನೂಲು ಬಿಟ್ಟಿತ್ತು. ನಾನು ಅಲ್ಲಿ ನಿಂತಿದ್ದ ಅರ್ಧ ಗಂಟೆಯಲ್ಲಿ ಅವರು ನಾಲ್ಕು ಸಲ ಆಕಳಿಸಿದರು, ಒಮ್ಮೆಯೂ ಕೈ ನಿಲ್ಲಿಸಲಿಲ್ಲ.

ನಾನು ಆಗ ಹದಿನಾರು ಪುಟದ ಒಂದು ವಾರಪತ್ರಿಕೆಗೆ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಆದ್ದರಿಂದ ಓದಿದ್ದೆಲ್ಲ ಎಲ್ಲಾದರೂ ಉಪಯೋಗಕ್ಕೆ ಬರಲೇಬೇಕು ಎಂಬ ಹಟ ನನಗಿತ್ತು. ಓದುಗರು ಕಳಿಸುವ ಕಥೆಗಳನ್ನು ಮೊದಲು ನೋಡುವ ಕೆಲಸ ನನ್ನದು. ಈ ಕಂಟ್ರೋಲರರ ಕಥೆ ಹಳೆಯ ಲಾಗ್‌ಶೀಟುಗಳ ಹಿಂಬದಿಯಲ್ಲಿ ಬರೆದು ಬಂದಿತ್ತು. ಅದನ್ನು ವಾಪಸು ಕೊಟ್ಟು, ತಿದ್ದಿಸಿಕೊಂಡು ಬಾ ಎಂದು ಸಂಪಾದಕರು ಕಳಿಸಿದ್ದರು.

ಕಥೆಯಲ್ಲಿ ಒಬ್ಬ ಡ್ರೈವರ್ ದಿನಾ ಸಂಜೆ ಒಂದು ಹೊಳೆಯ ಹತ್ತಿರ ಬಸ್ಸು ನಿಲ್ಲಿಸುತ್ತಾನೆ. ಇಂಜಿನ್ ಬಿಸಿಯಾಗಿದೆ, ನೀರು ತರುತ್ತೇನೆ ಎಂದು ಕ್ಯಾನು ಹಿಡಿದು ಕೆಳಗಿಳಿಯುತ್ತಾನೆ. ಅಲ್ಲಿ ಅವನಿಗಾಗಿ ಕಾಯುವ ಒಬ್ಬ ಹೆಂಗಸಿನ ಜೊತೆ ಎರಡು ಮಾತಾಡಿ ಬರುತ್ತಾನೆ. ಅಷ್ಟೆ ಕಥೆ.

"ಇದು ನಡೆದದ್ದಾ ಸಾರ್?" ಎಂದು ಕೇಳಿದೆ.

"ಅರ್ಧ ನಡೆದದ್ದು."

"ಯಾವ ಅರ್ಧ?"

"ಹೊಳೆ ಸೇತುವೆ ಹತ್ರ ಬಸ್ ನಿಲ್ಲಿಸೋದು ನಿಜ. ನಮ್ಮ ಐದು ನಲವತ್ತರ ಬಸ್ಸು. ಆರೂವರೆಗೆ ಆ ಕಡೆ ಸೇರಬೇಕು. ಮೂರು ತಿಂಗಳಿಂದ ಆರು ನಲವತ್ತೆರಡಕ್ಕೆ ಸೇರ್ತಾ ಇದೆ. ಕೇಳಿದ್ರೆ ಇಂಜಿನ್ ಬಿಸಿ ಅಂತಾನೆ. ಡಿಪೋದವರು ಬಿಚ್ಚಿ ನೋಡಿದ್ರು, ಇಂಜಿನ್‌ಗೆ ಏನೂ ಆಗಿಲ್ಲ. ಹಾಗಾದ್ರೆ ಹನ್ನೆರಡು ನಿಮಿಷ ಅಲ್ಲೇನು ಮಾಡ್ತಾನೆ ಅಂತ ಯೋಚನೆ ಮಾಡ್ತಾ ಕೂತೆ. ಹೆಂಗಸನ್ನ ನಾನೇ ಕಟ್ಟಿ ಕೂರಿಸಿದ್ದು."

ನಾನು ಕಾಲೇಜಿನಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಅಲ್ಲಿ ಬಿಚ್ಚಿದೆ. ಹೊಳೆ ಎಂದರೆ ಯಾವ ಹೊಳೆ, ಓದುವವರಿಗೆ ಕಾಣುವುದಿಲ್ಲ. ನಡೆದ ಜಾಗ, ನಡೆದ ಹೊತ್ತು, ಕಂಡ ವಸ್ತುಗಳನ್ನು ಸೇರಿಸಿದರೆ ಕಟ್ಟಿದ್ದೂ ನಿಜ ಅನ್ನಿಸುತ್ತದೆ. ಒಮ್ಮೆ ಆ ಸೇತುವೆಯ ಕೆಳಗೆ ಹೋಗಿ ನೋಡಿ ಬನ್ನಿ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ನನ್ನನ್ನೇ ನೋಡುತ್ತ ಕೇಳಿಸಿಕೊಂಡರು. ನನ್ನ ಇಪ್ಪತ್ಮೂರನೆಯ ವಯಸ್ಸಿನವರೆಗೆ ಯಾರೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಅದೇ ಉಮೇದಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ.

ಅವರಿಗೆ ಆಗ ಐವತ್ತೇಳು. ಎಸ್ಸೆಸ್ಸೆಲ್ಸಿ ಮುಗಿಸಿ ಕಂಡಕ್ಟರಾಗಿ ಸೇರಿ, ಮಂಡಿ ನೋವು ಬಂದ ಮೇಲೆ ಕಿಟಕಿಯ ಹಿಂದೆ ಕೂತವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವರೂ ಅವರ ಅಕ್ಕನೂ ಇಬ್ಬರೇ. ಮುಂದಿನ ಭಾನುವಾರ ತಿದ್ದಿದ ಪ್ರತಿ ತರಲು ಹೋದಾಗ ಆ ಅಕ್ಕ ನನಗೆ ಟೀ ಕೊಟ್ಟು, "ಇವನ ಕಥೆ ಓದೋರು ಇಬ್ಬರೇ ಕಣಮ್ಮಾ, ಇವನೊಬ್ಬ, ಅಚ್ಚು ಮಾಡೋನೊಬ್ಬ. ಈಗ ನೀನೊಬ್ಬಳು ಹೆಚ್ಚಾದೆ" ಎಂದರು.

"ನೀನೂ ಓದ್ತೀಯಲ್ಲಕ್ಕಾ."

"ನಾನು ಕಾಳು ಕಟ್ಟಿಕೊಂಡು ಬಂದ ಕಾಗದಾನೂ ಓದ್ತೀನಿ."

ಅಕ್ಕ ತಮ್ಮ ಇಬ್ಬರೂ ನಗಲಿಲ್ಲ. ಆ ಮನೆಯ ಮಾತೇ ಹಾಗೆ ಎಂದು ಆಮೇಲೆ ತಿಳಿಯಿತು.

ತಿದ್ದಿದ ಕಥೆ ನಿಜಕ್ಕೂ ಬೇರೆಯಾಗಿತ್ತು. ಅವರು ರಜೆ ಹಾಕಿ ಸೇತುವೆಯ ಕೆಳಗಿಳಿದು ನೋಡಿ ಬಂದಿದ್ದರು. ಅಲ್ಲಿ ಹಿಂದೆ ಪಂಪ್ ನೋಡಿಕೊಳ್ಳುವವನಿಗೆಂದು ಕಟ್ಟಿದ ಒಂಟಿ ಕೋಣೆಯ ಮನೆಯಿತ್ತು. ಬಾಗಿಲಿಗೆ ಬೀಗ. ಜಗುಲಿಯ ಮೇಲೆ ಒಂದು ಕೈ ಮುರಿದ ಕುರ್ಚಿ, ಮೂಲೆಯಲ್ಲಿ ನೀಲಿ ಡ್ರಮ್ಮು. ಕುರ್ಚಿ, ಡ್ರಮ್ಮು ಎರಡೂ ಕಥೆಯೊಳಗೆ ಬಂದಿದ್ದವು. ಹೆಂಗಸು ಆ ಮುರಿದ ಕುರ್ಚಿಯ ಮೇಲೆ ಕೂತು ಕಾಯುತ್ತಿದ್ದಳು. ಮಳೆ ಬಂದ ದಿನ ಡ್ರೈವರ್ ನಿಲ್ಲಿಸದೆ ಹೋಗುತ್ತಿದ್ದ, ಯಾಕೆಂದರೆ ಕೆಳಗಿಳಿಯುವ ದಾರಿ ಜಾರುತ್ತಿತ್ತು. ಡ್ರೈವರನ ಹೆಸರು, ಬಸ್ಸಿನ ಬಣ್ಣ, ಊರು ಎಲ್ಲ ಬದಲಾಯಿಸಿದ್ದರು. ಹೊತ್ತು ಮಾತ್ರ ಹಾಗೇ ಇತ್ತು. ಐದು ನಲವತ್ತಕ್ಕೆ ಹೊರಟು, ಆರು ಗಂಟೆಗೆ ಸೇತುವೆ, ಆರು ನಲವತ್ತೆರಡಕ್ಕೆ ಕೊನೆಯ ನಿಲ್ದಾಣ.

"ಇದನ್ನೂ ಬದಲಾಯಿಸಬೇಕಲ್ವಾ ಸಾರ್?" ಎಂದೆ.

"ಹೆಸರು ಸುಳ್ಳು ಬರೀಬಹುದಮ್ಮಾ. ಟೈಮ್ ಸುಳ್ಳು ಬರೆಯೋಕೆ ಈ ಕೈಗೆ ಬರಲ್ಲ. ಒಂದು ಸಲ ಐದು ಐವತ್ತು ಅಂತ ಬರೆದು ನೋಡಿದೆ. ರಾತ್ರಿಯೆಲ್ಲಾ ನಿದ್ದೆ ಇಲ್ಲ."

ನಾನು ಒತ್ತಾಯಿಸಲಿಲ್ಲ. ಕಥೆ ಚೆನ್ನಾಗಿತ್ತು. ಹಾಗೇ ಅಚ್ಚಾಯಿತು.

ಬಸ್ಸಿನವರಿಗೆ ಹೆಸರು ಬೇಕಿಲ್ಲ. ಹೊತ್ತು ಹೇಳಿದರೆ ಸಾಕು, ಯಾವ ಬಸ್ಸು, ಯಾರು ಡ್ರೈವರ್ ಎಂದು ತಿಳಿಯುತ್ತದೆ. ಇದು ಅವರಿಗೆ ಗೊತ್ತಿರಬೇಕಿತ್ತು. ಗುರುವಾರ ಪತ್ರಿಕೆ ಬಂತು, ಶುಕ್ರವಾರ ಡಿಪೋದಲ್ಲಿ ಎಲ್ಲರ ಕೈಯಲ್ಲೂ ಅದೇ. ಐದು ನಲವತ್ತರ ಡ್ರೈವರನ್ನು ಉದ್ದಣ್ಣ ಎಂದು ಕರೆಯುತ್ತಿದ್ದರು. ಸೀಟು ಎಷ್ಟು ಹಿಂದಕ್ಕೆ ತಳ್ಳಿದರೂ ಮಂಡಿ ಸ್ಟಿಯರಿಂಗಿಗೆ ತಾಗುವಷ್ಟು ಉದ್ದ ಆಳು. "ಏನುದ್ದಣ್ಣಾ, ಕ್ಯಾನ್ ತುಂಬಿತಾ?" ಎಂದು ಒಬ್ಬ, "ಕುರ್ಚಿ ರಿಪೇರಿ ಮಾಡಿಸಿಕೊಡೋ, ಪಾಪ ಬೀಳ್ತಾಳೆ" ಎಂದು ಇನ್ನೊಬ್ಬ. ಉದ್ದಣ್ಣ ಯಾರಿಗೂ ಎದುರು ಮಾತಾಡಲಿಲ್ಲ. ಮಾತಾಡದ್ದೇ ಎಲ್ಲರಿಗೂ ಸಾಕ್ಷಿಯಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ.

ಮುಂದಿನ ಸೋಮವಾರ ಉದ್ದಣ್ಣನ ಹೆಂಡತಿ ಕಂಟ್ರೋಲರ್ ಕಿಟಕಿಗೆ ಬಂದರು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು; ಭುಜದ ಮೇಲೆ ಅಳತೆ ಟೇಪು ಹಾಗೇ ಇತ್ತು. ನಾನು ಲೇಖಕರ ಪ್ರತಿ ಕೊಡಲು ಹೋದವಳು ಪಕ್ಕದಲ್ಲೇ ನಿಂತಿದ್ದೆ. ಅವರು ಮಡಚಿದ ಪತ್ರಿಕೆಯನ್ನು ಲಾಗ್‌ಶೀಟಿನ ಹಾಗೇ ಸರಳಿನ ಕೆಳಗಿನಿಂದ ತಳ್ಳಿದರು.

"ಅಣ್ಣಾ, ಇದು ನೀವು ಬರೆದಿದ್ದಾ?"

"ಹೌದಮ್ಮಾ. ಅದು ಕಥೆ."

"ಐದು ನಲವತ್ತು ಕಥೆನಾ?"

"ಅದು ನಿಜ."

"ಸೇತುವೆ?"

"ಅದೂ ನಿಜ. ಆದ್ರೆ..."

"ನಿನ್ನೆ ನಾನು ಅಲ್ಲಿಗೆ ಹೋಗಿ ಬಂದೆ. ಕುರ್ಚಿ ಇದೆ. ಎಡಗೈ ಮುರಿದಿದೆ, ನೀವು ಬರೆದ ಹಾಗೇ. ಡ್ರಮ್ ಇದೆ. ಬಾಗಿಲಿಗೆ ಬೀಗ ಇದೆ. ಎಲ್ಲಾ ಇದೆ, ಅವಳು ಒಬ್ಬಳು ಮಾತ್ರ ಇಲ್ವಾ?"

"ಇಲ್ಲಮ್ಮಾ. ಅವಳನ್ನ ನಾನು ಕಟ್ಟಿದ್ದು. ಆಣೆ ಮಾಡಿ ಹೇಳ್ತೀನಿ."

"ಸುಳ್ಳು ಬರೆಯೋದು ನಿಮ್ಮ ಹವ್ಯಾಸ. ಆಣೆ ನಿಜ ಅಂತ ಹೇಗೆ ನಂಬಲಿ?" ಅವರ ದನಿ ಏರಲಿಲ್ಲ. ನನ್ನ ಕಡೆ ತಿರುಗಿದರು. "ನೀನೇನಾ ಇದನ್ನ ಅಚ್ಚು ಹಾಕಿದ್ದು? ನೀನೂ ಹೆಣ್ಣಲ್ವಾ?"

ಅವರು ಪತ್ರಿಕೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಒಂದೇ ಒಂದು ಹೇಳಿ ಸಾಕು. ಅವಳಿಲ್ಲ ಅಂದ್ರೆ ಆ ಹನ್ನೆರಡು ನಿಮಿಷ ಎಲ್ಲಿಗೆ ಹೋಯ್ತು? ನಾನು ಅವರನ್ನೂ ಕೇಳಿದೆ. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಕೂತಿದ್ದು ನಾನು ನೋಡಿಲ್ಲ. ಉತ್ತರ ಸಿಕ್ಕಿದ ದಿನ ನಮ್ಮ ತಮ್ಮನ ಮನೆಗೆ ಬಂದು ಹೇಳಿ. ಸಿಗಲಿಲ್ಲ ಅಂದ್ರೆ ಬರಬೇಡಿ. ನಾನಿನ್ನು ಅಲ್ಲೇ ಇರ್ತೀನಿ."

ಹೊಲಿಗೆ ಯಂತ್ರವನ್ನು ಅವರು ಆಗಲೇ ಅಲ್ಲಿಗೆ ಸಾಗಿಸಿಯಾಗಿತ್ತು. ಹೊಲಿಗೆ ಯಂತ್ರ ಸಾಗಿಸಿದವಳು ಸುಮ್ಮನೆ ಮುನಿಸಿಕೊಂಡು ಹೋದವಳಲ್ಲ ಎಂದು ಆ ಸಂಜೆ ಮನೆಯಲ್ಲಿ ಕಂಟ್ರೋಲರರ ಅಕ್ಕ ಅಂದರು. ಆ ದಿನ ತಮ್ಮನ ಮೇಲೆ ಅವರು ಹಾಸ್ಯ ಮಾಡಲಿಲ್ಲ. "ಒಂದು ಸಂಸಾರ ಒಡೆಯೋ ಅಷ್ಟು ಚೆನ್ನಾಗಿ ಬರಿ ಅಂತ ನಿನಗೆ ಯಾರು ಹೇಳಿದ್ರು?" ಎಂದರು ಅಷ್ಟೆ. ಹೇಳಿದವಳು ನಾನು. ಕಂಟ್ರೋಲರ್ ನನ್ನ ಕಡೆ ಕೈ ತೋರಿಸಲಿಲ್ಲ.

ಮಾರನೆಯ ಸಂಜೆ ಪಾಳಿ ಮುಗಿದ ಮೇಲೆ ಅವರು ಬೀರು ತೆಗೆದು ಮೂರು ತಿಂಗಳ ಲಾಗ್‌ಶೀಟುಗಳನ್ನು ಮೇಜಿನ ಮೇಲೆ ಹರಡಿದರು. ನಾನು ಓದುತ್ತ ಹೋದೆ, ಅವರು ಗುರುತು ಹಾಕುತ್ತ ಹೋದರು. ಆರು ನಲವತ್ತೆರಡು, ಆರು ನಲವತ್ತೊಂದು, ಆರು ನಲವತ್ತಮೂರು. ಹಾಳೆ ತಿರುವಿ ತಿರುವಿ ನನ್ನ ಬೆರಳ ತುದಿ ಕಪ್ಪಾಯಿತು. ನಡುನಡುವೆ ಒಂದೊಂದು ಆರು ಮೂವತ್ತು ಬರುತ್ತಿತ್ತು. ಅಂಥವು ಒಟ್ಟು ಒಂಬತ್ತು.

"ಈ ಒಂಬತ್ತು ದಿನ ಮಳೆ. ನೋಡಿ, ಬೇರೆ ಎಲ್ಲಾ ಬಸ್ಸಿನವರೂ ತಡ ಆದದ್ದಕ್ಕೆ ಮಳೆ ಅಂತ ಕಾರಣ ಬರೆಸಿದ್ದಾರೆ" ಎಂದರು. "ಅದಕ್ಕೇ ಕಥೆಯಲ್ಲಿ ದಾರಿ ಜಾರುತ್ತೆ ಅಂತ ಹಾಕಿದ್ದೆ."

"ಆದ್ರೆ ಸಾರ್, ಇದೊಂದು ನೋಡಿ, ಒಂಬತ್ತರಲ್ಲಿ ಒಂದು. ಆ ದಿನ ಮಳೆ ಅಂತ ಯಾರೂ ಬರೆಸಿಲ್ಲ. ಬೇರೆ ಬಸ್ಸುಗಳೂ ಸರಿಯಾಗೇ ಬಂದಿವೆ."

ಅವರು ಹಾಳೆ ಹತ್ತಿರ ಹಿಡಿದು ನೋಡಿದರು. ಆ ದಿನ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರಿಂದ ಅವರಿಗೆ ಅದು ನೆನಪಿತ್ತು. "ಆ ದಿನ ಮಳೆ ಇರಲಿಲ್ಲ. ಮೋಡ ಇತ್ತು. ದಿನವಿಡೀ ಮೋಡ" ಎಂದರು. ಆಮೇಲೆ ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಕಿಟಕಿಯಾಚೆ ಸಂಜೆ ಬಿಸಿಲು ಬಿದ್ದಿದ್ದ ಕಡೆ ನೋಡಿದರು. "ಸೇತುವೆ ದಾಟಿದ ಮೇಲೆ ರಸ್ತೆ ನೇರ ಪಡುವಣಕ್ಕೆ ಹೋಗುತ್ತಲ್ವಾ?"

ಬುಧವಾರ ನಾವಿಬ್ಬರೂ ಐದು ನಲವತ್ತರ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತೆವು. ಆಕಾಶ ಶುಭ್ರವಾಗಿತ್ತು. ಸೇತುವೆಯ ಈ ಕಡೆ ಬಸ್ಸು ನಿಂತಾಗ ಗಡಿಯಾರ ನೋಡಿಕೊಂಡೆ, ಆರು ಗಂಟೆ. ಸೂರ್ಯ ಮುಂದಿನ ಗಾಜಿನ ನಡುವೆ ಬಂದು ಕೂತಿದ್ದ. ಉದ್ದಣ್ಣ ಕ್ಯಾನು ತೆಗೆದುಕೊಂಡು ಇಳಿದ. ಪ್ರಯಾಣಿಕರು ಆ ಹೊತ್ತಿಗೆ ಒಗ್ಗಿಹೋಗಿದ್ದರು. ಕೆಲವರು ಆಗಲೇ ನಿದ್ದೆಯಲ್ಲಿದ್ದರು. ನಾವು ಇಳಿದು ಅವನ ಹಿಂದೆ ಹೋದೆವು.

ಅವನು ಆ ಮನೆಯ ಕಡೆ ಹೋಗಿರಲೇ ಇಲ್ಲ. ಸೇತುವೆಯ ಕಂಬದ ನೆರಳಿನಲ್ಲಿ, ನೀರಿಗೆ ಇಳಿಯುವ ಮೆಟ್ಟಿಲಿನ ಮೇಲೆ ಕೂತಿದ್ದ. ಒದ್ದೆ ಟವೆಲನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದ. ಹೆಜ್ಜೆಯ ಸದ್ದಿಗೆ ಟವೆಲು ತೆಗೆದ, ಆದರೆ ನಮ್ಮನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರು, ಸಾಹೇಬ್ರಾ? ಬನ್ನಿ. ಕುರ್ಚಿ ಆ ಕಡೆ ಇದೆ."

ಕಂಟ್ರೋಲರ್ ಕೆಳಗಿನ ಮೆಟ್ಟಿಲಿನ ಮೇಲೆ ಕೂತರು. ಅವರ ಮಂಡಿ ಸದ್ದು ಮಾಡಿತು. "ಎಷ್ಟು ದಿನದಿಂದ?"

"ಚಳಿ ಶುರುವಾದಾಗಿಂದ. ಬಿಸಿಲು ಗಾಜಿಗೆ ಬಿದ್ರೆ ಎಲ್ಲಾ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ರಸ್ತೆ ಕಾಣಲ್ಲ, ಎದುರು ಬರೋನು ಕಾಣಲ್ಲ. ಹೊತ್ತು ಮುಳುಗಿದ್ಮೇಲೆ ಪರವಾಗಿಲ್ಲ. ಅದಕ್ಕೇ ಕಾಯ್ತೀನಿ."

"ಹೆಂಡ್ತಿಗಾದ್ರೂ ಹೇಳಬಹುದಿತ್ತಲ್ಲಯ್ಯಾ."

"ಅವಳಿಗೆ ಹೇಳಿದ್ರೆ ನನಗೆ ಬಸ್ ಕೊಡಬೇಡಿ ಅಂತ ನಾಳೆ ಬೆಳಿಗ್ಗೆ ಡಿಪೋ ಗೇಟಿನಲ್ಲಿ ನಿಲ್ತಾಳೆ. ನಿಮಗೆ ಅವಳು ಗೊತ್ತಿಲ್ಲ." ಅವನು ಟವೆಲು ಹಿಂಡಿದ. "ನಿಮ್ಮ ಕಥೆ ಓದಿದಾಗ ಮೊದಲು ಹೊಡೆಯೋಣ ಅನ್ನಿಸ್ತು. ಆಮೇಲೆ ಯೋಚನೆ ಮಾಡಿದೆ. ಇರಲಿ ಸಾಹೇಬ್ರೇ, ಹೆಂಗಸಿನ ಕಥೆನೇ ಇರಲಿ. ಹೆಂಗಸಿದ್ದಾಳೆ ಅಂತ ಯಾರೂ ಸ್ಟಿಯರಿಂಗ್ ಕಿತ್ತುಕೊಳ್ಳಲ್ಲ. ಹೆಂಡ್ತಿ ಹೋದ್ರೆ ಒಂದು ದಿನ ವಾಪಸ್ ಬಂದಾಳು. ಸ್ಟಿಯರಿಂಗ್ ಹೋದ್ರೆ ಬರಲ್ಲ."

ಮೇಲೆ ಯಾರೋ ಬಸ್ಸಿನ ಬದಿಗೆ ಕೈಯಿಂದ ಬಡಿದರು. ಕಂಟ್ರೋಲರ್ ತಲೆ ತಗ್ಗಿಸಿ ಕೂತಿದ್ದರು. ಅವರ ಮುಂದೆ ಎರಡು ದಾರಿ ಇದ್ದವು. ಸುಮ್ಮನಿದ್ದರೆ ಅವರು ಕಟ್ಟಿದ ಸುಳ್ಳು ಅವನ ಕೆಲಸ ಕಾಯುತ್ತದೆ, ಮನೆ ಒಡೆಯುತ್ತದೆ, ಬಸ್ಸಿನಲ್ಲಿದ್ದವರ ಜೀವ ದಿನಾ ಅದೃಷ್ಟದ ಮೇಲೆ ನಿಂತಿರುತ್ತದೆ. ಬಾಯಿಬಿಟ್ಟರೆ ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದವನ ಕೈ ಖಾಲಿಯಾಗುತ್ತದೆ.

"ಮೇಲೆ ಎಷ್ಟು ಜನ ಇದ್ದಾರೆ?" ಎಂದು ಕೇಳಿದರು.

"ಐವತ್ನಾಲ್ಕು."

"ಇವತ್ತು ಈ ಬಸ್ಸು ಮುಂದಕ್ಕೆ ಹೋಗಲ್ಲ. ಆರು ಇಪ್ಪತ್ತಕ್ಕೆ ಹಿಂದಿನ ಬಸ್ಸು ಬರುತ್ತೆ, ಎಲ್ಲರನ್ನೂ ಅದಕ್ಕೆ ಹತ್ತಿಸ್ತೀನಿ. ನೀನು ನಾಳೆ ಮಧ್ಯಾಹ್ನದ ಒಳಗೆ ನಿನ್ನ ಹೆಂಡ್ತಿಗೂ ಡಿಪೋಗೂ ಹೇಳು. ನೀನು ಹೇಳಲಿಲ್ಲ ಅಂದ್ರೆ ನಾನು ಬರೀತೀನಿ. ಕಥೆಯಲ್ಲಲ್ಲ. ಲಾಗ್‌ನಲ್ಲಿ."

ಉದ್ದಣ್ಣ ಕ್ಯಾನಿನ ಮುಚ್ಚಳವನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ನೀವು ಬರೆದ್ರೂ ಕಷ್ಟ, ಬರೀದೆ ಇದ್ರೂ ಕಷ್ಟ" ಎಂದ. ಕೋಪವಿರಲಿಲ್ಲ. ತುಂಬ ದಣಿದವನ ಮಾತು ಅದು. ಹಿಂದಿನ ಬಸ್ಸು ಬಂದಾಗ ಅವನೇ ಕೈ ಅಡ್ಡ ಹಿಡಿದು ನಿಲ್ಲಿಸಿದ. ಪ್ರಯಾಣಿಕರು ಬೈಯುತ್ತ ಚೀಲಗಳನ್ನು ಹೊತ್ತು ಹತ್ತಿದರು. ಡಿಪೋದಿಂದ ಬೇರೆ ಡ್ರೈವರ್ ಬಂದು ಖಾಲಿ ಬಸ್ಸನ್ನು ವಾಪಸು ತಂದ. ಉದ್ದಣ್ಣ ಅದರಲ್ಲಿ ಪ್ರಯಾಣಿಕನ ಸೀಟಿನಲ್ಲಿ ಕೂತು ಬಂದ, ಕಾಲು ಹಿಡಿಸದೆ ಓರೆಯಾಗಿ.

ಮಾರನೆಯ ದಿನ ಬೆಳಿಗ್ಗೆ ಅವನು ಹೆಂಡತಿಯ ತಮ್ಮನ ಮನೆಗೆ ಹೋದ. ಕಂಟ್ರೋಲರ್ ಲಾಗ್‌ಶೀಟುಗಳ ಕಟ್ಟು ಹಿಡಿದು ಜೊತೆಗೆ ಹೋದರು, ನನ್ನನ್ನೂ ಕರೆದರು. ಅವರು ಆ ಒಂಬತ್ತು ಹಾಳೆಗಳನ್ನು ಹೊಲಿಗೆ ಯಂತ್ರದ ಮೇಲೆ ಒಂದೊಂದಾಗಿ ಇಟ್ಟು ತೋರಿಸಿದರು. ಆಕೆ ಎಲ್ಲವನ್ನೂ ಓದಿದರು, ಮೋಡದ ದಿನದ್ದನ್ನು ಎರಡು ಸಲ ಓದಿದರು. ಆಮೇಲೆ ಗಂಡನ ಮುಂದೆ ಮೂರು ಬೆರಳು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, "ಎಷ್ಟು?" ಎಂದರು.

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಎರಡು" ಎಂದ.

"ಹೆಂಗಸಿದ್ದಿದ್ರೆ ವಾಸಿ ಇತ್ತು" ಎಂದರು ಆಕೆ. "ಜಗಳ ಆಡಿ ಸುಮ್ಮನಾಗ್ತಿದ್ದೆ. ಐವತ್ತು ಅರವತ್ತು ಜನರನ್ನ ಕಣ್ಣು ಕಾಣದೆ ಕರ್ಕೊಂಡು ಹೋಗ್ತಿದ್ರಲ್ಲ, ಅವರ ಮನೆಯಲ್ಲೂ ಹೆಂಡ್ತಿ ಮಕ್ಕಳು ಇಲ್ವಾ?" ಹೇಳುತ್ತಲೇ ಅಳತೆ ಟೇಪನ್ನು ಸುತ್ತಿ ಡಬ್ಬಿಗೆ ಹಾಕಿ, ತಮ್ಮನನ್ನು ಕರೆದು ಹೊಲಿಗೆ ಯಂತ್ರ ಎತ್ತಲು ಹೇಳಿದರು. ಹೊರಡುವಾಗ ಕಂಟ್ರೋಲರ್ ಕಡೆ ತಿರುಗಿ, "ಅಣ್ಣಾ, ಕಥೆ ಬರೆದಿದ್ದಕ್ಕೆ ನಿಮ್ಮನ್ನ ಕ್ಷಮಿಸಲ್ಲ. ಇದನ್ನ ಹುಡುಕಿದ್ದಕ್ಕೆ ಬೈಯಲ್ಲ" ಎಂದರು.

ಉದ್ದಣ್ಣನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದರದು ಶಸ್ತ್ರಚಿಕಿತ್ಸೆಯಿಂದ ಸರಿಹೋಯಿತು. ಇನ್ನೊಂದರ ನರ ಸೋತಿದೆ, ದೊಡ್ಡ ಗಾಡಿ ಓಡಿಸುವಂತಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಉದ್ದಣ್ಣನನ್ನು ಡಿಪೋದ ಟೈರ್ ವಿಭಾಗಕ್ಕೆ ಹಾಕಿದರು. ಅಲ್ಲಿ ಅವನು ಸವೆದ ಟೈರುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ. ಕಂಟ್ರೋಲರ್ ಎದುರಾದರೆ ತಲೆಯಾಡಿಸುತ್ತಾನೆ, ನಿಂತು ಮಾತಾಡುವುದಿಲ್ಲ. ಡಿಪೋದವರು ಅವನನ್ನು ಗೇಲಿ ಮಾಡುವುದನ್ನು ಬಿಟ್ಟರು. ಆದರೆ ಸೇತುವೆಯ ಕೆಳಗಿನ ಹೆಂಗಸಿನ ಮಾತು ಇಂದಿಗೂ ನಿಂತಿಲ್ಲ. ಹೊಸದಾಗಿ ಸೇರಿದ ಕಂಡಕ್ಟರೊಬ್ಬ ಅವಳನ್ನು ಕಣ್ಣಾರೆ ಕಂಡವರಿದ್ದಾರೆ ಎಂದು ನನಗೇ ಹೇಳಿದ.

ನಾನು ಒಮ್ಮೆ ಕಂಟ್ರೋಲರ್‌ಗೆ, ಇದೆಲ್ಲವನ್ನೂ ಹೆಸರು ಬದಲಾಯಿಸಿ ನೀವೇ ಬರೆಯಬಾರದೇ ಎಂದು ಕೇಳಿದೆ. ಕೇಳಬಾರದಿತ್ತು. ಅವರು ಕೋಪ ಮಾಡಿಕೊಳ್ಳಲಿಲ್ಲ. "ಬರೆಯೋಕೆ ಕೂತೆ ಕಣಮ್ಮಾ. ಮೊದಲ ಸಾಲಿನಲ್ಲೇ ಐದು ನಲವತ್ತು ಬಂತು. ಎದ್ದುಬಿಟ್ಟೆ" ಎಂದರು. ಅವರ ಒಪ್ಪಿಗೆ ಪಡೆದು ನಾನು ಬರೆದಿದ್ದೇನೆ. ಇಲ್ಲಿರುವ ಹೊತ್ತುಗಳನ್ನೆಲ್ಲ ಅವರೇ ನೋಡಿ ಬದಲಾಯಿಸಿಕೊಟ್ಟಿದ್ದಾರೆ.

ಅವರು ನಿವೃತ್ತರಾಗಿ ಮೂರು ವರ್ಷವಾಯಿತು. ಈಗ ವಾರಕ್ಕೆ ಮೂರು ದಿನ ನಮ್ಮ ಪತ್ರಿಕೆಯ ಕಚೇರಿಗೆ ಬಂದು ಕರಡು ತಿದ್ದುತ್ತಾರೆ. ಯಾರದ್ದಾದರೂ ಕಥೆಯಲ್ಲಿ ಬಸ್ಸು ಹೊರಡುವ ಹೊತ್ತು ಬಂದರೆ ವೇಳಾಪಟ್ಟಿ ತೆಗೆದು, ಆ ಹೊತ್ತಿಗೆ ನಿಜವಾಗಿ ಯಾವುದಾದರೂ ಬಸ್ಸು ಹೊರಡುತ್ತದೆಯೇ ಎಂದು ನೋಡುತ್ತಾರೆ. ಹೊರಡುವುದಾದರೆ ಹೊತ್ತು ಬದಲಾಯಿಸುತ್ತಾರೆ.